ಓಡದ ಗಾಡಿಯ ಬೆಲೆ

ಕಳೆದ ಬೇಸಿಗೆಯಲ್ಲಿ ರಾಮಸಮುದ್ರದಲ್ಲಿ ನಮ್ಮ ಬಳಗದ ಒಂದು ಮದುವೆ. ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ಪಡಸಾಲೆಯಲ್ಲಿ ಕುಳಿತಿದ್ದೆವು. ಇಂಗ್ಲೆಂಡಿನಿಂದ ರಜೆಗೆ ಬಂದಿದ್ದ ನನ್ನ ತಂಗಿಯ ಮಗ, ತಾನು ಕೊಳ್ಳಬೇಕೆಂದಿದ್ದ ಹಳೆಯ ಕಾರಿನ ಜಾಹೀರಾತನ್ನು ನನಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. 1972ರ ಎಂಜಿಬಿ ಜಿಟಿ. ಒಬ್ಬನೇ ಮಾಲೀಕ. ಸದಾ ಶೆಡ್ಡಿನಲ್ಲೇ ಇಟ್ಟದ್ದು. ಮಳೆ ಬಿಸಿಲು ಕಂಡಿಲ್ಲ. ಓಡಿದ್ದು ಬಹಳ ಕಡಿಮೆ. ಬಣ್ಣ ಮಾಸಿಲ್ಲ.

ಅದೇ ಹೊತ್ತಿಗೆ ಪಕ್ಕದಲ್ಲಿ ಹಿರಿಯರೊಬ್ಬರು ಒಂದು ಕನ್ಯೆಯ ಗುಣಗಾನ ನಡೆಸಿದ್ದರು: "ಹುಡುಗಿ ಭಾಳ ಛಲೋ ಅದಾಳ್ರಿ. ಸಾಲಿ ಬಿಟ್ರ ಮನಿ, ಮನಿ ಬಿಟ್ರ ಸಾಲಿ. ಒಬ್ಬಾಕಿನೇ ಹೊಸ್ತಿಲ ದಾಟಿದಾಕಿ ಅಲ್ಲ."

ಮೊದಲು ನನಗೆ ನಗು ಬಂತು. ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

"ಜಿಟಿ ಅಂದ್ರೇನಪ್ಪಾ?" ಎಂದೆ. ಗ್ರ್ಯಾಂಡ್ ಟೂರಿಂಗ್ ಎಂದ. ಆ ಮಾತಿನ ಹಿಂದೆ ಒಂದು ಇತಿಹಾಸವೇ ಇದೆ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಸಿರಿವಂತರ ಗಂಡುಮಕ್ಕಳು ಓದು ಮುಗಿದ ಮೇಲೆ ಫ್ರಾನ್ಸ್, ಇಟಲಿ ಎಂದು ತಿಂಗಳುಗಟ್ಟಲೆ ತಿರುಗಿ ಬರುತ್ತಿದ್ದರು. ಅದಕ್ಕೆ ಗ್ರ್ಯಾಂಡ್ ಟೂರ್ ಎಂದು ಹೆಸರು. ತಿರುಗಾಟವೂ ವಿದ್ಯೆಯ ಒಂದು ಭಾಗ ಎಂದು ಅವರು ತಿಳಿದಿದ್ದರು. ಆ ಹೆಸರನ್ನೇ ಮುಂದೆ ದೂರದ ದಾರಿಯನ್ನು ದಣಿವಿಲ್ಲದೆ ಕ್ರಮಿಸುವ ಕಾರುಗಳಿಗೆ ಇಟ್ಟರು. ಎಂಜಿಬಿ ಜಿಟಿ ಬಂದದ್ದು 1965ರಲ್ಲಿ, ನಿಂತದ್ದು 1980ರಲ್ಲಿ. ಮುಂದೆ ಇಬ್ಬರಿಗೆ ಸುಖಾಸನ. ಹಿಂದಿನ ಸೀಟು ಹೆಸರಿಗಷ್ಟೇ.

ಅಂದರೆ ತಿರುಗಾಡಲೆಂದೇ ಹುಟ್ಟಿದ ಗಾಡಿ. ಅದು ತಿರುಗಾಡಲಿಲ್ಲ ಎಂಬುದೇ ಈಗ ಅದರ ಹೆಚ್ಚುಗಾರಿಕೆ!

ಕಬ್ಬಿಣದ ಗಾಡಿಯ ಬೆಲೆಯನ್ನು ಹೀಗೆ ಕಟ್ಟಿದರೆ ನನ್ನ ತಕರಾರಿಲ್ಲ. ಕೈಕಾಲಿರುವ, ಕಣ್ಣಿರುವ ಹೆಣ್ಣಿನ ಬೆಲೆಯನ್ನೂ ಇದೇ ತಕ್ಕಡಿಯಲ್ಲಿ ತೂಗುತ್ತಾರಲ್ಲ, ಅದಕ್ಕೆ ನನ್ನ ಜಗಳ.

ನಮ್ಮ ದೇಶದಲ್ಲಿ 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ಬೇರೆ ನೋಂದಣಿಯ ನಿಯಮ ಬಂತು. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ಒಯ್ಯಬಹುದು. ಇದನ್ನು ತಿಳಿದಾಗ ನನಗೆ ನಮ್ಮದೇ ಪಟ್ಟಿ ನೆನಪಾಯಿತು. ಮದುವೆಗೆ ಹೋಗಬಹುದು, ಜಾತ್ರೆಗೆ ಹೋಗಬಹುದು, ತವರಿಗೆ ಹೋಗಬಹುದು, ದವಾಖಾನೆಗೆ ಹೋಗಬಹುದು. ಸುಮ್ಮನೆ ಹೋಗುವಂತಿಲ್ಲ. ಗಾಡಿಗಾದರೂ ಐವತ್ತು ವರ್ಷ ಆಗಬೇಕು. ನಮಗೆ ಹನ್ನೆರಡಕ್ಕೇ ಈ ನಿಯಮ ಶುರು.

ನನ್ನ ಅಕ್ಕನ ವಿಷಯ ಹೇಳುತ್ತೇನೆ. ಅರವತ್ತು ದಾಟಿದವಳು. ಹೊಲ, ದನ, ಮನೆ ಬಿಟ್ಟು ಬೇರೆ ಕಂಡವಳಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ, ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ ಎಂದಾಯಿತು. ಆ ಮಳೆಗಾಲದಲ್ಲಿ ಅಕ್ಕ ಒಬ್ಬಳೇ ಯಾದಗಿರಿಗೆ ಬಂದು, ಬಸ್ಸು ಬದಲಿಸಿ, ಸುರಪುರದ ಮೇಲೆ ಹಾದು ನಾರಾಯಣಪುರಕ್ಕೆ ಹೋಗಿ ಬಸವಸಾಗರದಿಂದ ಧುಮುಕುವ ಕೃಷ್ಣೆಯನ್ನು ನೋಡಿ ಬಂದಳು. ಮನೆಗೆ ಬಂದಾಗ ಮಗ ಅಬ್ಬರಿಸಿದನಂತೆ: "ಅಲ್ಲಿ ನಮ್ಮ ಮನಿದೇವರಿಲ್ಲ, ಬೀಗರಿಲ್ಲ. ಎದಕ್ಕ ಹೋಗಿದ್ದಿ?"

"ನೀರು ನೋಡ್ಲಾಕ ಹೋಗಿದ್ದೆ" ಎಂದಳಂತೆ ಅಕ್ಕ.

ಅದೇ ಮಗ ಆ ಮದುವೆಯಲ್ಲಿ ಜಿಟಿ ಕಾರಿನ ಚಿತ್ರವನ್ನು ಕೈಗೆ ತೆಗೆದುಕೊಂಡು, "ಗಾಡಿ ಅಂದ್ರ ಇದು ನೋಡು!" ಎಂದು ತಲೆದೂಗಿದ. ಗಂಡಸು ಕಾರಣವಿಲ್ಲದೆ ತಿರುಗಿದರೆ ಗ್ರ್ಯಾಂಡ್ ಟೂರಿಂಗ್, ಹೆಂಗಸು ತಿರುಗಿದರೆ ಊರ ಮೇಲೆ ಬಿದ್ದಳು. ಇದು ಯಾವ ನ್ಯಾಯ?

"ಪುಕ್ಕಟೆ ಬಸ್ಸು ಬಂದು ಹೆಂಗಸರು ಮನೆಯಲ್ಲಿ ನಿಲ್ಲುತ್ತಿಲ್ಲ" ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಮಾತು ಕೇಳಿದ್ದೇನೆ. ಹಾಗೆ ಹೇಳಿದವರಲ್ಲಿ ಹೆಂಗಸರೂ ಇದ್ದರು. ಅವರಿಗೆ ಒಂದು ಸಂಗತಿ ನೆನಪಿಸುತ್ತೇನೆ. ಮೋಟಾರು ಗಾಡಿಯಲ್ಲಿ ಮೊತ್ತಮೊದಲು ದೂರದ ಪ್ರಯಾಣ ಮಾಡಿದವಳು ಒಬ್ಬ ಹೆಂಗಸು. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು ನೂರು ಕಿಲೋಮೀಟರು ಗಾಡಿ ತೆಗೆದುಕೊಂಡು ಹೋದಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಹೋಗಿದ್ದು ತವರಿಗೇ ನಿಜ. ಆದರೆ ಗಂಡ ಕಟ್ಟಿದ ಗಾಡಿ ಓಡಬಲ್ಲದೆಂದು ಲೋಕಕ್ಕೆ ತೋರಿಸಿದವಳು ಅವಳೇ.

"ಹೊರಗೆ ಕಾಲ ಕೆಟ್ಟಿದೆ, ಅದಕ್ಕೇ ಹೆದರುತ್ತೇವೆ" ಎನ್ನುವವರ ಮಾತು ಸುಳ್ಳಲ್ಲ. ನನಗೂ ಹೆಣ್ಣುಮಗಳಿದ್ದಾಳೆ, ನಾನೂ ಹೆದರುತ್ತೇನೆ. ಆದರೆ ರಸ್ತೆ ಕೆಟ್ಟಿದ್ದರೆ ರಸ್ತೆಯನ್ನು ಸರಿಮಾಡಬೇಕು. ಗಾಡಿಗೆ ಮುಸುಕು ಹೊದಿಸಿ ಕೂತರೆ ರಸ್ತೆ ಸರಿಯಾಗುವುದಿಲ್ಲ.

ಕೊನೆಗೆ ತಂಗಿಯ ಮಗನನ್ನು ಕೇಳಿದೆ: "ಅಷ್ಟು ವರ್ಷ ನಿಂತ ಗಾಡಿ ಸರಿ ಇರ್ತದೇನಪ್ಪಾ?" ಅವನು ನಕ್ಕ. "ಇಲ್ಲ ದೊಡ್ಡವ್ವ. ನಿಂತ್ರ ಬ್ಯಾಟರಿ ಸಾಯ್ತದ, ರಬ್ಬರು ಒಣಗಿ ಸೀಳ್ತದ, ಬ್ರೇಕು ಹಿಡಕೋತದ, ಟ್ಯಾಂಕಿನ್ಯಾಗಿನ ಪೆಟ್ರೋಲು ಕೆಡ್ತದ. ಛಲೋ ಇಡಬೇಕಂದ್ರ ಆಗಾಗ ಓಡಿಸಲಾಕೇ ಬೇಕು."

ಒಂದು ಗಾಡಿಯ ವಿಷಯದಲ್ಲಿ ಇಷ್ಟು ತಿಳಿದ ಗಂಡಸರಿಗೆ ಮನೆಯ ಹೆಂಗಸಿನ ವಿಷಯದಲ್ಲಿ ಯಾಕೆ ತಿಳಿಯುವುದಿಲ್ಲ? ಅಕ್ಕತಂಗಿಯರೇ, ಇನ್ನು ಮುಂದೆ ನಿಮ್ಮ ಮಗಳನ್ನು ಯಾರಾದರೂ "ಹೊಸ್ತಿಲು ದಾಟಿದವಳಲ್ಲ" ಎಂದು ಹೊಗಳಿದರೆ ಹಿಗ್ಗಬೇಡಿ. "ದಾಟಿದ್ದಾಳೆ, ಇನ್ನೂ ದಾಟುತ್ತಾಳೆ" ಎನ್ನಿ. ಈ ಮಳೆಗಾಲದಲ್ಲಿ ಅಕ್ಕ ಮತ್ತೆ ನಾರಾಯಣಪುರಕ್ಕೆ ಹೋಗುತ್ತಾಳಂತೆ. ಈ ಸಲ ನಾನೂ ಅವಳ ಜೊತೆ ಹೊರಟಿದ್ದೇನೆ, ಯಾವ ಕೆಲಸವೂ ಇಲ್ಲದೆ.