‘ನಿರ್ಜನ’ ಎಂದು ಬರೆಯುವ ಮುನ್ನ

ಕನ್ನಡದ ಪ್ರವಾಸ ಕಥನಗಳಿಂದ ಒಂದೇ ಒಂದು ಪದವನ್ನು ಕಿತ್ತುಹಾಕುವ ಅಧಿಕಾರ ನನಗೆ ಸಿಕ್ಕರೆ ‘ನಿರ್ಜನ’ವನ್ನು ಕಿತ್ತುಹಾಕುತ್ತೇನೆ. ‘ನಯನ ಮನೋಹರ’, ‘ಪ್ರಕೃತಿಯ ಮಡಿಲು’ ಇತ್ಯಾದಿಗಳು ಇರಲಿ ಬಿಡಿ. ಅವುಗಳಿಂದ ಓದುಗನಿಗೆ ಆಕಳಿಕೆ ಬರಬಹುದೇ ಹೊರತು ಯಾರ ಮನೆಯೂ ಹೋಗುವುದಿಲ್ಲ. ನಿರ್ಜನ ಹಾಗಲ್ಲ. ಅದರಿಂದ ಮನೆಗಳು ಹೋಗಿವೆ.

ಈ ಮಾತನ್ನು ಹೇಳುವ ಮೊದಲು ನನ್ನದೇ ತಪ್ಪೊಪ್ಪಿಗೆ ಆಗಿಬಿಡಲಿ. 2022ರ ಮೇ ಕೊನೆಯಲ್ಲಿ ನಾವು ಐದು ಜನ ಗೆಳೆಯರು ಲಾಸ್ ವೇಗಸ್‌ನಲ್ಲಿ ಒಂದು ಆರ್‌ವಿ ಬಾಡಿಗೆಗೆ ಹಿಡಿದು, ಯೂಟಾ ಮತ್ತು ಅರಿಝೋನಾ ಗಡಿಯ ಕಣಿವೆ ಸೀಮೆಯಲ್ಲಿ ಎಂಟು ದಿನ ಸುತ್ತಿದೆವು. ಆರ್‌ವಿ ಎಂದರೆ ಮಿನಿ ಬಸ್ಸಿನಷ್ಟು ಉದ್ದದ ಗಾಡಿ. ಒಳಗೆ ಒಲೆ, ಫ್ರಿಜ್ಜು, ಮಂಚ, ಕಕ್ಕಸು, ಸ್ನಾನಕ್ಕೆ ಷವರು, ಹೊಟ್ಟೆಯಡಿ ನೀರಿನ ಟ್ಯಾಂಕು. ನಾವು ಸೋನಾ ಮಸೂರಿ, ಕುಕ್ಕರ್, ಒಬ್ಬನ ಅಮ್ಮ ಕಳಿಸಿದ್ದ ಪುಳಿಯೋಗರೆ ಗೊಜ್ಜು ಎಲ್ಲ ತುಂಬಿಕೊಂಡು ಹೊರಟೆವು. ಝಯಾನ್ ಪಾರ್ಕಿನ ಹಳೇ ಸುರಂಗದಲ್ಲಿ ನಮ್ಮ ಗಾಡಿ ಒಂದು ಬದಿಯಲ್ಲಿ ಹಿಡಿಸುವುದಿಲ್ಲವೆಂದು ಎದುರಿನ ವಾಹನಗಳನ್ನೆಲ್ಲ ನಿಲ್ಲಿಸಿ ನಡುರಸ್ತೆಯಲ್ಲಿ ಬಿಟ್ಟರು. ಓಡಿಸುತ್ತಿದ್ದ ಗೆಳೆಯ ಆ ಒಂದು ಮೈಲಿ ಉಸಿರು ಬಿಟ್ಟನೋ ಇಲ್ಲವೋ ಗೊತ್ತಿಲ್ಲ. ಅದು ಮುಗಿದು ಬಯಲಿಗೆ ಬಂದಾಗ, ಕೆಂಪು ಬಂಡೆ, ನೀಲಿ ಆಕಾಶ, ನೆಟ್ಟಗೆ ಹೋಗುವ ದಾರಿ. ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದೆ. ಅಡಿಬರಹ: ‘ನಿರ್ಜನ ನೆಲದಲ್ಲಿ ನಾವು ಐವರು’. ಲೈಕುಗಳು ಚೆನ್ನಾಗಿಯೇ ಬಂದವು.

ಆ ನಿರ್ಜನ ನೆಲದಲ್ಲಿ ಮೊದಲು ತಕರಾರು ತೆಗೆದದ್ದು ನಮ್ಮ ಫೋನಿನ ಗಡಿಯಾರ. ಪೇಜ್ ಎಂಬ ಊರಿನಿಂದ ಮಾನ್ಯುಮೆಂಟ್ ವ್ಯಾಲಿ ಕಡೆ ಹೊರಟು ಸ್ವಲ್ಪ ಹೊತ್ತಿಗೆ ಐವರ ಫೋನೂ ಒಂದು ಗಂಟೆ ಮುಂದೆ ಹಾರಿತು. ಅರಿಝೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರ ಮುಂದೂಡುವುದಿಲ್ಲ. ಅದರೊಳಗಿರುವ ನವಹೊ ನೇಷನ್ ಮುಂದೂಡುತ್ತದೆ. ಅಂದರೆ ಅಲ್ಲೊಂದು ಸರ್ಕಾರವಿದೆ, ಅದಕ್ಕೆ ತನ್ನದೇ ಸಮಯವಿದೆ, ಪೊಲೀಸರು ಮತ್ತು ನ್ಯಾಯಾಲಯಗಳಿವೆ. ಸುಮಾರು 70 ಸಾವಿರ ಚದರ ಕಿಲೋಮೀಟರ್ ನೆಲ ಅದು, ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. 1864ರಲ್ಲಿ ಅಮೆರಿಕದ ಸೈನ್ಯ ಈ ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ನ್ಯೂ ಮೆಕ್ಸಿಕೋದ ಪೂರ್ವಕ್ಕೆ ಕೂಡಿಹಾಕಿತು. 1868ರ ಒಪ್ಪಂದದ ಮೇಲೆ ಅವರು ವಾಪಸ್ ನಡೆದು ಬಂದರು. ತಮ್ಮನ್ನು ಅವರು ಕರೆದುಕೊಳ್ಳುವುದು ದಿನೆ ಎಂದು. ಆ ಪದದ ಅರ್ಥ ‘ಜನ’. ನಾನು ಅವರ ನೆಲದ ಫೋಟೋ ಕೆಳಗೆ ಬರೆದದ್ದು ನಿರ್-ಜನ.

ಇದನ್ನು ರಾತ್ರಿ ಊಟದ ಹೊತ್ತಿಗೆ ಹೇಳಿದಾಗ ಗೆಳೆಯನೊಬ್ಬ, “ಮಾರಾಯ, ರಜಾ ಕಣೋ ಇದು, ಸಮಾಜಶಾಸ್ತ್ರದ ಕ್ಲಾಸ್ ಅಲ್ಲ” ಅಂದ. ಅವನ ಮಾತು ತೀರಾ ತಪ್ಪಲ್ಲ. ಪ್ರತಿ ಬಂಡೆಯ ಮುಂದೆ ನಿಂತು ಪಶ್ಚಾತ್ತಾಪ ಪಡುವ ಪ್ರವಾಸಿಯ ಜೊತೆ ಗಾಡಿ ಹಂಚಿಕೊಳ್ಳುವುದು ನನಗೂ ಬೇಡ. ನಾನು ಕೇಳುತ್ತಿರುವುದು ಪಶ್ಚಾತ್ತಾಪವನ್ನಲ್ಲ, ಕಂಡದ್ದನ್ನು ಕಂಡಷ್ಟೇ ಬರೆಯುವ ಪ್ರಾಮಾಣಿಕತೆಯನ್ನು. ‘ನಮಗೆ ಯಾರೂ ಕಾಣಲಿಲ್ಲ’ ಎಂದು ಬರೆದರೆ ಅದು ನಿಜ. ‘ಯಾರೂ ಇಲ್ಲ’ ಎಂದು ಬರೆದರೆ ಸುಳ್ಳು. ಮೊದಲನೆಯದು ನಮ್ಮ ಬಗ್ಗೆ, ಎರಡನೆಯದು ಅವರ ಬಗ್ಗೆ.

ಯಾಕೆ ಕಾಣಲಿಲ್ಲ ಎಂಬುದಕ್ಕೆ ಉತ್ತರ ನಮ್ಮ ಗಾಡಿಯಲ್ಲೇ ಇತ್ತು. ಹಿಂದೆ ಯಾತ್ರೆಗೆ ಹೋದವನು ಅನ್ನ ಕೇಳಬೇಕಿತ್ತು, ಮಲಗಲು ಜಗಲಿ ಕೇಳಬೇಕಿತ್ತು, ದಾರಿ ಕೇಳಬೇಕಿತ್ತು. ಬೇಡುವವನಿಗೆ ಊರಿನಲ್ಲಿ ಯಾರು ಯಾರಿದ್ದಾರೆಂದು ಗೊತ್ತಾಗುತ್ತದೆ. ಆರ್‌ವಿಯಲ್ಲಿ ಹೋದವನು ಮನೆಯನ್ನೇ ಹೊತ್ತುಕೊಂಡು ಹೋಗುತ್ತಾನೆ. ಜನರೇಟರ್ ಹಾಕಿ ಏಸಿ ಬಿಟ್ಟುಕೊಂಡು ಕಿಟಕಿಯಿಂದ ನೋಡುತ್ತಾನೆ. ಯಾರಲ್ಲೂ ಏನನ್ನೂ ಕೇಳುವ ಅಗತ್ಯವಿಲ್ಲದವನಿಗೆ ಎಲ್ಲ ನೆಲವೂ ನಿರ್ಜನವೇ. ನಾವು ಕೇಳಿದ್ದು ಒಂದೇ ಸಲ, ಕಾಯೆಂಟಾ ಊರಿನ ಹತ್ತಿರ ಟ್ಯಾಂಕು ಬರಿದಾದಾಗ. 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್ ನೀರನ್ನು ಐವರು ಎರಡೇ ದಿನಕ್ಕೆ ಮುಗಿಸಿದ್ದೆವು. ಕೊನೆಯ ಸ್ನಾನ ಯಾರದೆಂದು ಜಗಳವೂ ಆಗಿತ್ತು. ನೀರು ಹಿಡಿಯುವ ಜಾಗದಲ್ಲಿ ನಮಗಿಂತ ಮುಂದೆ ಒಬ್ಬ ಹಿರಿಯರು ಪಿಕಪ್ ಟ್ರಕ್ಕಿನ ಹಿಂದೆ ದೊಡ್ಡ ಪ್ಲಾಸ್ಟಿಕ್ ಟ್ಯಾಂಕಿಗೆ ಪೈಪು ಬಿಟ್ಟು ನಿಂತಿದ್ದರು. ನೀವೂ ಕ್ಯಾಂಪಿಂಗಾ ಎಂದು ನಾನು ಪೆದ್ದನಂತೆ ಕೇಳಿದೆ. ಇಲ್ಲ, ಮನೆಗೆ, ಅಂದರು. ನವಹೊ ನೇಷನ್‌ನ ಮನೆಗಳಲ್ಲಿ ಸುಮಾರು ಶೇಕಡ 30ರಷ್ಟಕ್ಕೆ ಇಂದಿಗೂ ನಲ್ಲಿ ನೀರಿಲ್ಲ. ನಾವು ಮೋಜಿಗೆಂದು ಎಂಟು ದಿನ ಮಾಡಿದ್ದನ್ನು ಅವರು ವರ್ಷವಿಡೀ ಮಾಡುತ್ತಾರೆ. ಮರುವರ್ಷ, 2023ರ ಜೂನ್‌ನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು 5-4ರ ಬಹುಮತದಲ್ಲಿ ತೀರ್ಪು ಕೊಟ್ಟಿತು: ಈ ಜನಕ್ಕೆ ನೀರು ಒದಗಿಸಲು ಕ್ರಮ ಕೈಗೊಳ್ಳಬೇಕಾದ ಹೊಣೆಯನ್ನು 1868ರ ಒಪ್ಪಂದ ಸರ್ಕಾರದ ಮೇಲೆ ಹೊರಿಸುವುದಿಲ್ಲ ಎಂದು.

ನೀರು ಆ ಸೀಮೆಯಲ್ಲಿ ಇಲ್ಲ ಎಂದಲ್ಲ. ಪೇಜ್ ಊರಿನ ಪಕ್ಕದಲ್ಲೇ ಕೊಲರಾಡೋ ನದಿಗೆ ಕಟ್ಟಿದ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ಇದೆ, 710 ಅಡಿ ಎತ್ತರ. ತುಂಬಿದಾಗ ಅದರ ಹಿನ್ನೀರು ಸುಮಾರು 300 ಕಿಲೋಮೀಟರ್ ಉದ್ದ ಚಾಚುತ್ತದೆ. ಅದೇ ಲೇಕ್ ಪವೆಲ್. ಊರು ನಿಂತ ಜಾಗವೂ 1958ರಲ್ಲಿ ನವಹೊಗಳಿಂದ ಬದಲಿ ಜಮೀನು ಕೊಟ್ಟು ಪಡೆದದ್ದು. 1963ರಲ್ಲಿ ನೀರು ನಿಲ್ಲಿಸಲು ಶುರುಮಾಡಿದರು. ಅದೇ ವರ್ಷ ಸಿಯೆರಾ ಕ್ಲಬ್ ಎಂಬ ಪರಿಸರ ಸಂಸ್ಥೆ, ಮುಳುಗುತ್ತಿದ್ದ ಕಣಿವೆಯ ಬಗ್ಗೆ ಎಲಿಯಟ್ ಪೋರ್ಟರ್ ತೆಗೆದ ಚಿತ್ರಗಳ ಪುಸ್ತಕ ತಂದಿತು. ಕಣಿವೆಯನ್ನು ಪ್ರೀತಿಸಿದವರೇ, ಅದಕ್ಕಾಗಿ ಅತ್ತವರೇ, ಆ ಪುಸ್ತಕಕ್ಕೆ ಇಟ್ಟ ಹೆಸರು ‘ದಿ ಪ್ಲೇಸ್ ನೋ ಒನ್ ನ್ಯೂ’, ಯಾರೂ ಅರಿಯದ ಜಾಗ! ಅಣೆಕಟ್ಟಿಗೆ ಮುಂಚೆ ಪುರಾತತ್ವದವರು ಅವಸರದಲ್ಲಿ ಸಮೀಕ್ಷೆ ಮಾಡಿ ಅಲ್ಲಿ ಎರಡು ಸಾವಿರದಷ್ಟು ಹಳೆಯ ನೆಲೆಗಳನ್ನು ಗುರುತಿಸಿದ್ದರು. ಅಲ್ಲಿನ ರೇನ್‌ಬೋ ಬ್ರಿಜ್ ಎಂಬ ಕಲ್ಲಿನ ಕಮಾನು ನವಹೊಗಳಿಗೆ ದೇವರ ಸನ್ನಿಧಿ. ಅದರಡಿಗೆ ನೀರು ಬಂದಾಗ ಅವರು ಕೋರ್ಟಿಗೆ ಹೋದರು, 1980ರಲ್ಲಿ ಮೇಲ್ಮನವಿಯಲ್ಲೂ ಸೋತರು. ಸರೋವರ ಮೊದಲ ಬಾರಿ ಪೂರ್ತಿ ತುಂಬಿದ್ದೂ ಅದೇ ವರ್ಷ. ಕಟ್ಟುವವನಿಗೂ ಬೇಡವೆನ್ನುವವನಿಗೂ ಸಮಾನವಾಗಿ ಒದಗಿಬಂದ ನಂಬಿಕೆ ಒಂದೇ, ಅಲ್ಲಿ ಯಾರೂ ಇಲ್ಲ ಎಂಬುದು.

ಇದೆಲ್ಲ ದೂರದ ಅಮೆರಿಕದ ಮಾತಾಯಿತು, ನಮಗೇನು ಎನ್ನಬಹುದು. ನನಗೆ ಇದು ಇಷ್ಟು ತಾಗಿದ್ದಕ್ಕೆ ಕಾರಣ ಬೇರೆ. ನಾನು ಸಾಗರ ತಾಲೂಕಿನ ಮುಳುಗಡೆ ಮನೆತನದವನು. ಗ್ಲೆನ್ ಕ್ಯಾನಿಯನ್ನಿನಲ್ಲಿ ನೀರು ಏರತೊಡಗಿದ ಮರುವರ್ಷ, 1964ರಲ್ಲಿ, ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಜ್ಜಿ ಕೂಸುಗಳನ್ನೂ ದನಗಳನ್ನೂ ಕಟ್ಟಿಕೊಂಡು ಹೊರಟವಳು. ಆ ಹಿನ್ನೀರಿನ ಬಗ್ಗೆ ಇವತ್ತು ನಮ್ಮ ಪತ್ರಿಕೆಗಳ ವಾರಾಂತ್ಯದ ಪುಟ ತೆಗೆದು ನೋಡಿ: ‘ನಿರ್ಜನ ದ್ವೀಪದಲ್ಲಿ ಒಂದು ರಾತ್ರಿ’, ‘ನಿರ್ಜನ ದ್ವೀಪಗಳ ನಡುವೆ ದೋಣಿಯಾನ’. ಹೊನ್ನೆಮರಡಿನ ಕಡೆಯ ಇಂಥದೊಂದು ಲೇಖನವನ್ನು ಕಾಲೇಜಿನಲ್ಲಿದ್ದಾಗ ನಾನೇ ಅಜ್ಜಿಗೆ ಓದಿ ಹೇಳಿದ್ದೆ. ಅವಳು ಎಲೆ ಅಡಿಕೆ ಬಾಯಲ್ಲಿ ಇಟ್ಟುಕೊಂಡೇ, “ದ್ವೀಪ ಅಲ್ದೋ ಅದು, ದನ ಮೇಯ್ತಿದ್ದ ಗುಡ್ಡ” ಅಂದಿದ್ದಳು. ಮುಳುಗಡೆ ಜನರ ಹಕ್ಕುಪತ್ರದ ತಗಾದೆ ಅರವತ್ತು ವರ್ಷವಾದರೂ ಮುಗಿದಿಲ್ಲ. ಗುಡ್ಡದ ತುದಿಗಳು ಮಾತ್ರ ದ್ವೀಪಗಳಾಗಿ ಪ್ರವಾಸೋದ್ಯಮಕ್ಕೆ ಸೇರಿಹೋದವು. ಇಂಥ ಅಜ್ಜಿಯ ಮೊಮ್ಮಗನಾದ ನಾನೇ ಯೂಟಾದಲ್ಲಿ ಆ ಪದವನ್ನು ಅಷ್ಟು ಸಲೀಸಾಗಿ ಬರೆದೆ ಎಂದರೆ, ಅದು ಎಷ್ಟು ನಯವಾದ ಪದ ಎಂದು ನೀವೇ ಊಹಿಸಿ. ಅದನ್ನು ಬರೆಯುವುದಕ್ಕೆ ಕೆಟ್ಟವನಾಗಿರಬೇಕಿಲ್ಲ. ಸ್ವಲ್ಪ ಸೋಮಾರಿಯಾಗಿದ್ದರೆ ಸಾಕು.

ಹೊಸದಾಗಿ ಬರೆಯುತ್ತಿರುವವರು ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನ ಕೋರಿಕೆ ಚಿಕ್ಕದು. ಪೆನ್ನಿನ ತುದಿಗೆ ನಿರ್ಜನ ಬಂದಾಗ ಒಂದು ನಿಮಿಷ ತಡೆದು, ಇಲ್ಲಿಗೆ ರಸ್ತೆ ಯಾರು ಹಾಕಿದರು, ಈ ಬೇಲಿ ಯಾರದು, ಈ ಕುರಿಗಳು ಯಾರವು ಎಂದು ಕೇಳಿಕೊಳ್ಳಿ. ನಮ್ಮ ಫೋಟೋಗಳನ್ನೇ ಆಮೇಲೆ ದೊಡ್ಡದು ಮಾಡಿ ನೋಡಿದೆ. ಹತ್ತರಲ್ಲಿ ಆರರಲ್ಲಿ ಬೇಲಿ ಇತ್ತು. ಎರಡರಲ್ಲಿ ದೂರಕ್ಕೆ ಮನೆಗಳೂ ಇದ್ದವು, ಬಂಡೆಯದೇ ಬಣ್ಣದವು.

ನಾವು ಹೋದ ವರ್ಷ ಲೇಕ್ ಪವೆಲ್‌ನಲ್ಲಿ ಕಾಲು ಭಾಗದಷ್ಟೇ ನೀರಿತ್ತು. ಕೆಂಪು ಬಂಡೆಗಳ ಮೇಲೆ ಹಿಂದೆ ನೀರು ನಿಂತಿದ್ದ ಎತ್ತರಕ್ಕೂ ಸುಣ್ಣ ಬಳಿದಂತೆ ಬಿಳಿ ಪಟ್ಟಿ. ಮುಳುಗಿದ್ದ ಕಮಾನುಗಳು, ಕಿರುಕಣಿವೆಗಳು ಒಂದೊಂದಾಗಿ ಮೇಲೆ ಬರುತ್ತಿದ್ದವು. ಅದರ ವಿಡಿಯೋವನ್ನು ದಂಡೆಯಿಂದಲೇ ಮನೆಗೆ ಕಳಿಸಿದೆ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದರೆ ಹಳೇ ಮಡೆನೂರು ಅಣೆಕಟ್ಟು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಜ್ಜಿಗೆ ಆಗ ಎಂಬತ್ತರ ಮೇಲೆ ವಯಸ್ಸು. ಅಮ್ಮ ಫೋನನ್ನು ಅವಳ ಕಣ್ಣಿನ ಹತ್ತಿರ ಹಿಡಿದಿರಬೇಕು. ಬಂಡೆಯ ಬಣ್ಣದ ಬಗ್ಗೆ ಅವಳು ಏನೂ ಹೇಳಲಿಲ್ಲ.

“ನೀರು ಇಳಿದದೆ. ಊರು ಕಂಡ್ತನಾ?” ಅಂತ ಕೇಳಿದಳು.

ಇಲ್ಲ ಅಂದೆ. ನಾವು ಆ ಕಡೆ ಹೋಗಿರಲಿಲ್ಲ.