ಅಜ್ಜಿಯ ಕೋಣೆಗೆ ಎಂಥ ತಂಪು?

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ವಿಂಧ್ಯಗಿರಿಯ ಬಂಡೆ ಹೇಗೆ ಕಾಯುತ್ತದೆಂಬುದನ್ನು, ಬರಿಗಾಲಿನಲ್ಲಿ ಅದರ ಮೆಟ್ಟಿಲೇರಿದವರಿಗೆ ನಾನು ಹೇಳಬೇಕಾದುದಿಲ್ಲ. ಅದರ ಬುಡದ ಶ್ರವಣಬೆಳಗೊಳವೇ ನನ್ನೂರು. ನಮ್ಮ ಹಳೆಯ ಹೆಂಚಿನ ಮನೆಯ ದಪ್ಪ ಮಣ್ಣುಗೋಡೆಗೆ ಈ ಬಿಸಿಲು ಲೆಕ್ಕಕ್ಕಿರಲಿಲ್ಲ. ಅದನ್ನು ಕೆಡವಿ ತಾರಸಿ ಹಾಕಿಸಿದ ಮೇಲೆ ಅಜ್ಜಿಗೆ ಬೇಸಿಗೆಯ ನಿದ್ದೆ ಇಲ್ಲವಾಯಿತು.

ಕಳೆದ ಬೇಸಿಗೆಯಲ್ಲಿ ತಂದೆಯವರು ಹವಾನಿಯಂತ್ರಕವನ್ನು ಕೊಳ್ಳಲು ಹೊರಟರು. ಅಂಗಡಿಯಲ್ಲಿ ಬೆಲೆ ಕೇಳಿದೆವು, ನಕ್ಷತ್ರಗಳನ್ನು ಎಣಿಸಿದೆವು. ಒಳಗಿರುವ ಅನಿಲ ಯಾವುದೆಂದು ನಾನು ಕೇಳಿದಾಗ ಅಂಗಡಿಯಾತ ನಕ್ಕು, "ತಂಪಾದರೆ ಸಾಲದೇನಪ್ಪ?" ಎಂದ. ಸಾಲದೆಂಬುದೇ ನನ್ನ ಅಭಿಪ್ರಾಯ.

ಈ ಯಂತ್ರ ಕೋಣೆಯ ಕಾವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೆ. ಹೊರುವ ಕೂಲಿಯೇ ಆ ಅನಿಲ. ಒಳಗೆ ಆವಿಯಾಗಿ ಕಾವನ್ನು ಹೀರುತ್ತದೆ, ಹೊರಗೆ ಒತ್ತಡದಲ್ಲಿ ದ್ರವವಾಗಿ ಅದನ್ನು ಬಿಡುತ್ತದೆ. ಬಹುಕಾಲ ಈ ಕೆಲಸ ಮಾಡಿದ ಆರ್-22 ಓಜೋನ್ ಪದರಕ್ಕೆ ಹಾನಿಕರವಾದುದರಿಂದ, 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಹಿಂದೆ ಸರಿಯಬೇಕಾಯಿತು. ಅದರ ಜಾಗಕ್ಕೆ ಬಂದ ಆರ್-410ಎ ಓಜೋನನ್ನು ಕೆಡಿಸದು. ಆದರೆ ಅದರ ಒಂದು ಕಿಲೊ ಸೋರಿದರೆ, ನೂರು ವರ್ಷಗಳ ಲೆಕ್ಕದಲ್ಲಿ, ಸುಮಾರು 2,000 ಕಿಲೊ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡುತ್ತದೆ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದಂತಾಯಿತು! ಆರ್-32ರಲ್ಲಿ ಈ ಲೆಕ್ಕ 675ಕ್ಕೆ ಇಳಿಯುತ್ತದೆ. ಆರ್-290 ಎಂದರೆ ಪ್ರೊಪೇನ್, ನಮ್ಮ ಅಡಿಗೆಯ ಸಿಲಿಂಡರಿನಲ್ಲಿರುವುದರ ಒಂದು ಭಾಗ. ಅದರ ಹಾನಿ ಅತ್ಯಲ್ಪ. ಆದರೆ ಬೇಗ ಹೊತ್ತಿಕೊಳ್ಳುವ ವಸ್ತುವಾದುದರಿಂದ ಪಳಗಿದ ಕೈ ಬೇಕು. ಇಂಥ ಬಿಸಿಮಾಡುವ ಅನಿಲಗಳನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಗೆ ಭಾರತವೂ 2021ರಲ್ಲಿ ಒಪ್ಪಿಗೆಯಿತ್ತಿದೆ.

ಕೊಳವೆಯೊಳಗಿರುವವರೆಗೆ ಯಾವ ಅನಿಲವೂ ವಾತಾವರಣವನ್ನು ಕೆಡಿಸದು, ನಿಜ. ಆದರೆ ಪಕ್ಕದ ಮನೆಯಲ್ಲಿ ದುರಸ್ತಿಗೆ ಬಂದವನು ಹಳೆಯ ಅನಿಲವನ್ನೆಲ್ಲ ಹುಸ್ಸೆಂದು ಹಿತ್ತಿಲಿಗೆ ಬಿಟ್ಟುದನ್ನು ನಾನೇ ಕಂಡಿದ್ದೇನೆ. ಕೇಳಿದರೆ, "ಹೊಸದು ತುಂಬ್ತೀನಲ್ಲ ಸ್ವಾಮಿ" ಎಂದ. ಸರ್ಕಾರಗಳು ಸಹಿ ಹಾಕಿದ ಒಪ್ಪಂದ ಈ ಹಿತ್ತಿಲನ್ನು ಮುಟ್ಟುವುದೆಂದು?

ನಮ್ಮ ಸೀಮೆಯ ಮಾರ್ಚ್-ಏಪ್ರಿಲ್ ಗಾಳಿ ಒಣಗಾಳಿ. ಒಂದು ಲೀಟರ್ ನೀರು ಆರುವಾಗ ಸುಮಾರು 580 ಕಿಲೊ ಕ್ಯಾಲರಿ ಕಾವನ್ನು ಹೀರುತ್ತದೆ. ಮಡಕೆಯ ನೀರು ತಣ್ಣಗಾಗುವ ಗುಟ್ಟೂ ಇದೇ. ನೀರಿನ ಕೂಲರಿಗೆ ಬೇಕಾದುದು ಒಂದು ಫ್ಯಾನು, ಒಂದು ಸಣ್ಣ ಪಂಪು. ಕಿಟಕಿ ಮಾತ್ರ ತೆರೆದಿರಬೇಕು. ಮುಚ್ಚಿದರೆ ಕೋಣೆ ಬಚ್ಚಲುಮನೆಯಾಗುತ್ತದೆ. ಮಳೆಗಾಲದಲ್ಲಿ ಅದು ನಿಷ್ಪ್ರಯೋಜಕ, ಆದರೆ ಆಗ ಅದು ಯಾರಿಗೆ ಬೇಕು?

ತಂದೆಯವರೊಡನೆ ವಾದಿಸಿ ಈ ಬೇಸಿಗೆಗೆ ತಾರಸಿಯ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿಸಿದೆ. ಅಜ್ಜಿಯ ಕೋಣೆಗೆ ಕೂಲರ್ ತಂದೆವು. ಅಜ್ಜಿ ಈಗ ನಿದ್ದೆ ಮಾಡುತ್ತಾಳೆ. ಅದರ ಸದ್ದು ಮಾತ್ರ ರಾಗಿ ಬೀಸಿದಂತಿದೆಯೆಂದು ಬೆಳಗಾಗುತ್ತಲೇ ಗೊಣಗುತ್ತಾಳೆ.