ಪ್ರವಾಸವೋ, ಪಟ್ಟಿ ಮುಗಿಸುವ ಓಟವೋ?



ಒಂದೇ ದಿನದಲ್ಲಿ ಚೆನ್ನೈನ ಹತ್ತು ಸ್ಥಳಗಳನ್ನು ತೋರಿಸುತ್ತೇವೆಂಬ ಶಾಲಾ ಪ್ರವಾಸದ ಕರಪತ್ರಗಳನ್ನು ಕಂಡಾಗಲೆಲ್ಲ ನನಗೆ ಖೇದವಾಗುತ್ತದೆ. ಅದು ನೋಡುವುದಲ್ಲ, ಎಣಿಸುವುದು. ಮರೀನಾ ಕಡಲತೀರಕ್ಕೆ ಅರ್ಧ ಗಂಟೆ, ಉಳಿದುದೆಲ್ಲ ಬಸ್ಸಿನಲ್ಲಿ!

ಆ ತೀರದಲ್ಲಿ ದೇವಿಪ್ರಸಾದ್ ರಾಯ್ ಚೌಧುರಿಯವರು ರೂಪಿಸಿದ, 1959ರಲ್ಲಿ ಸ್ಥಾಪಿತವಾದ ಶ್ರಮಿಕರ ಪ್ರತಿಮೆಯಿದೆ. ನಾಲ್ವರು ಸೇರಿ ಬಂಡೆಯೊಂದನ್ನು ಸರಿಸುತ್ತಿದ್ದಾರೆ. 1923ರಲ್ಲಿ ಸಿಂಗಾರವೇಲರ್ ಅವರು ಭಾರತದ ಮೊದಲ ಮೇ ದಿನವನ್ನು ಆಚರಿಸಿದ್ದು ಇದೇ ನಗರದ ಕಡಲತೀರದಲ್ಲಿ. ಇಷ್ಟನ್ನೂ ತಿಳಿಸದೆ ನಿಲ್ಲಿಸಿದರೆ ಮಕ್ಕಳು ಕಾಣುವುದು ಬರಿಯ ಬೊಂಬೆಗಳನ್ನು. ಕಡಲಿಗೆ ಎದುರಾಗಿರುವ ವಿವೇಕಾನಂದರ್ ಇಲ್ಲಮ್ ಒಂದು ಕಾಲಕ್ಕೆ ಅಮೆರಿಕದಿಂದ ಹಡಗಿನಲ್ಲಿ ಬಂದ ಮಂಜುಗಡ್ಡೆಯ ಉಗ್ರಾಣ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದು ಅಲ್ಲಿಯೇ. ಒಂದು ಕಟ್ಟಡದಲ್ಲಿ ಎಷ್ಟೊಂದು ಪಾಠಗಳು!

ಹೆಚ್ಚು ಸ್ಥಳ ಕಂಡರೆ ಹೆಚ್ಚು ಜ್ಞಾನವೆಂದು ವಾದಿಸುವವರುಂಟು. ಪುಟಗಳನ್ನು ಬೇಗಬೇಗನೆ ಮಗುಚಿದವನು ಪುಸ್ತಕ ಓದಿದವನಾಗುವನೇ?

ಇದಕ್ಕಿಂತ ಘೋರವಾದುದು, ಅವಸರದಲ್ಲಿ ಮಕ್ಕಳನ್ನು ಅಲೆಗಳಿಗೆ ಬಿಟ್ಟುಬಿಡುವುದು. ಮರೀನಾದ ಸೆಳೆತ ಪ್ರಬಲವಾದುದು. ಅಲ್ಲಿ ಮುಳುಗಿ ಸತ್ತವರು ಅನೇಕರು.

ನಿಮ್ಮಲ್ಲಿ ಹಲವರು ಈಗ ಪೋಷಕರು, ಕೆಲವರು ಶಿಕ್ಷಕರು. ಕರಪತ್ರ ಕೈಗೆ ಬಂದಾಗ ಎಷ್ಟು ಸ್ಥಳಗಳೆಂದು ಕೇಳಬೇಡಿ. ಯಾರು ವಿವರಿಸುವರು, ನೀರಿನ ಬಳಿ ಯಾರು ಕಾಯುವರು ಎಂದು ಕೇಳಿ. ಉತ್ತರ ದೊರೆಯದಿದ್ದರೆ ಮಕ್ಕಳನ್ನು ಕಳುಹಿಸಬೇಡಿ.